ತೀರ್ಪು ಬಂತು, ಹಣ ಬರಲಿಲ್ಲ



ಸಾಲದ ಚೀಟಿ ಓದಲು ನಾವು ಕಲಿತಿದ್ದೇವೆ. ಅಸಲು ಯಾವುದು, ಬಡ್ಡಿ ಯಾವುದು ಎಂದು ನಮಗೆ ಗೊತ್ತು. ಈಗ ಒಂದು ಹೆಜ್ಜೆ ಮುಂದೆ ಹೋಗೋಣ.

ಸಾಲ ಕೊಟ್ಟವರು ಕೋರ್ಟಿಗೆ ಹೋದರು. ಹಣ ಕೊಡಬೇಕು ಎಂದು ಕೋರ್ಟು ತೀರ್ಪು ಹೇಳಿತು. ಆಮೇಲೆ ಎಂತ ಆಗುತ್ತದೆ? ಹಣ ತಾನಾಗಿ ಮನೆಗೆ ಬರುತ್ತದಾ? ಸಾಲ ತಂದವರ ಮನೆಯ ಪಾತ್ರೆ, ಚಾಪೆ ಎಲ್ಲ ಹೊತ್ತುಕೊಂಡು ಹೋಗುತ್ತಾರಾ? ಹೆಂಗಸರನ್ನು ಜೈಲಿಗೆ ಹಾಕುತ್ತಾರಾ?

ಒಂದು ಕತೆ ಓದೋಣ. ಇದು ಪಾಠಕ್ಕಾಗಿ ಕಟ್ಟಿದ ಕತೆ. ಆದರೆ ಇದರಲ್ಲಿ ಬರುವ ಕಾನೂನು ನಿಜವಾದದ್ದು.

ಒಂದೇ ಚಾಪೆ, ಇಬ್ಬರು ಅಕ್ಕಂದಿರು

ಬೈಂದೂರಿನ ಹತ್ತಿರ ಒಂದು ಊರು. ಅಲ್ಲಿ ಹೆಂಗಸರ ಕಲಿಕಾ ಕೇಂದ್ರ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಅಲ್ಲಿ ಸೇರುತ್ತಿದ್ದರು.

ಅವರಲ್ಲಿ ಒಬ್ಬರು ಮೀನು ಮಾರುವ ಅಕ್ಕ. ಬೆಳಿಗ್ಗೆ ಉಪ್ಪುಂದದ ಕಡಲ ಬದಿಗೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದರು. ಗಂಡ ತೀರಿಕೊಂಡಿದ್ದರು. ಮಾಡಿಗೆ ಹೊಸ ಹಂಚು ಹೊದೆಸಬೇಕು ಎಂದು ಹತ್ತು ವರ್ಷ ಒಂದೊಂದು ರೂಪಾಯಿ ಕೂಡಿಸಿದ್ದರು.

ಇನ್ನೊಬ್ಬರು ಗದ್ದೆಮನೆ ಅಕ್ಕ. ಅವರ ಗಂಡ ಬೆಂಗಳೂರಿಗೆ ಹೋಗಿ ಒಂದು ಸಣ್ಣ ಹೋಟೆಲು ಇಟ್ಟರು. ನಮ್ಮ ಕಡೆಯ ಎಷ್ಟೋ ಜನ ಹಾಗೆ ಹೋಗಿದ್ದಾರಲ್ಲ! ಹೋಟೆಲು ಇಡಲು ಮೀನಿನ ಅಕ್ಕನ ಹತ್ತಿರ 50,000 ರೂಪಾಯಿ ಸಾಲ ತಂದರು. ಪ್ರೋನೋಟು ಬರೆದು ಸಹಿ ಹಾಕಿ ಕೊಟ್ಟರು.

ಹೋಟೆಲು ನಡೆಯಲಿಲ್ಲ. ಅವರು ಊರಿಗೆ ವಾಪಸು ಬಂದು ಗದ್ದೆ ಮಾಡತೊಡಗಿದರು. ಸಾಲ ಹಾಗೇ ಉಳಿಯಿತು. ಮೀನಿನ ಅಕ್ಕ ಕೇಳಿದಾಗೆಲ್ಲ ಒಂದೇ ಉತ್ತರ: "ಬೆಳೆ ಬರಲಿ, ಕಾಂಬ."

ಮೂರು ಮಳೆಗಾಲ ಬರುವ ಹೊತ್ತಾಯಿತು. ಮಾಡು ಸೋರುತ್ತಲೇ ಇತ್ತು. ಕೊನೆಗೆ ಮೀನಿನ ಅಕ್ಕ ಕುಂದಾಪುರದ ಕೋರ್ಟಿನಲ್ಲಿ ದಾವೆ ಹಾಕಿದರು. ಸರಿಯಾದ ಸಮಯಕ್ಕೇ ಹಾಕಿದರು. ಯಾಕೆಂದರೆ ಇಂಥ ಕೈಸಾಲಕ್ಕೆ ಮೂರು ವರ್ಷದ ಒಳಗೆ ದಾವೆ ಹಾಕಬೇಕು. ಮೂರು ವರ್ಷ ಕಳೆದರೆ ಕೋರ್ಟು ಸಾಮಾನ್ಯವಾಗಿ ಕೇಳುವುದಿಲ್ಲ.

ಗದ್ದೆಮನೆಗೆ ಕೋರ್ಟಿನ ಸಮನ್ಸು ಬಂತು. ಅಕ್ಕನ ಗಂಡ ಅದನ್ನು ಮಡಚಿ ಮಾಡಿನ ಸಂದಿಗೆ ಸಿಕ್ಕಿಸಿದರು. ಕೋರ್ಟಿಗೆ ಹೋಗಲಿಲ್ಲ. ಅವರು ಹೋಗದಿದ್ದರೂ ತೀರ್ಪು ಆಯಿತು. ಇದನ್ನು ಏಕಪಕ್ಷೀಯ ತೀರ್ಪು ಎನ್ನುತ್ತಾರೆ.

ಸಮನ್ಸು ಎಂದರೆ ಹೆದರಿಸುವ ಕಾಗದ ಅಲ್ಲ. ಅದು ಮಾತಾಡಲು ಕರೆಯುವ ಕಾಗದ. ಹೋದರೆ ನಮ್ಮ ಮಾತು ಹೇಳಬಹುದು. ಕಂತು ಕಂತಾಗಿ ಕೊಡುತ್ತೇವೆ ಎಂದು ಕೇಳಬಹುದು. ಹೋಗದಿದ್ದರೆ ನಮ್ಮ ಮಾತು ಅಲ್ಲಿ ಇರುವುದೇ ಇಲ್ಲ. ಏಕಪಕ್ಷೀಯ ತೀರ್ಪು ಆಗಿಹೋಗಿದ್ದರೆ ಅದನ್ನು ರದ್ದು ಮಾಡಿ ಎಂದು ಕೇಳಲು 30 ದಿನ ಇದೆ. ಹೋಗದೇ ಇರಲು ಸರಿಯಾದ ಕಾರಣವೂ ಬೇಕು.

ಡಿಕ್ರಿ ಎಂದರೇನು?

ತೀರ್ಪಿನ ಕೊನೆಗೆ ಕೋರ್ಟು ಒಂದು ಕಾಗದ ಕೊಡುತ್ತದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಡಿಕ್ರಿ. ಹಣ ಬರಬೇಕಾದವರು ಡಿಕ್ರಿದಾರರು. ಹಣ ಕೊಡಬೇಕಾದವರು ಋಣಿ.

ಮೀನಿನ ಅಕ್ಕನ ಡಿಕ್ರಿಯಲ್ಲಿ ಹೀಗಿತ್ತು:

ಅಸಲು – 50,000 ರೂಪಾಯಿ
ತೀರ್ಪಿನವರೆಗಿನ ಬಡ್ಡಿ – 6,000 ರೂಪಾಯಿ
ಕೋರ್ಟು ಖರ್ಚು – 4,000 ರೂಪಾಯಿ
ಒಟ್ಟು – 60,000 ರೂಪಾಯಿ

ತೀರ್ಪಿನ ಮೇಲೆ ಹಣ ಕೊಡುವ ತನಕ ಅಸಲಿಗೆ ವರ್ಷಕ್ಕೆ ನೂರಕ್ಕೆ 6 ರೂಪಾಯಿ ಬಡ್ಡಿ ಎಂದೂ ಇತ್ತು. ವ್ಯಾಪಾರದ ಸಾಲ ಅಲ್ಲದಿದ್ದರೆ, ತೀರ್ಪಿನ ನಂತರ ಕೋರ್ಟು ಇದಕ್ಕಿಂತ ಹೆಚ್ಚು ಬಡ್ಡಿ ಹಾಕುವ ಹಾಗಿಲ್ಲ.

ಮೀನಿನ ಅಕ್ಕ ಡಿಕ್ರಿಯನ್ನು ದೇವರ ಪಟದ ಹಿಂದೆ ಇಟ್ಟರು. ಇನ್ನು ಹಣ ಬರುತ್ತದೆ ಎಂದು ಕಾದರು. ಒಂದು ವರ್ಷ ಹೋಯಿತು. ಎರಡು ವರ್ಷವೂ ದಾಟಿತು. ಹಣ ಬರಲಿಲ್ಲ.

ಯಾಕೆ? ಕೋರ್ಟು ತಾನಾಗಿ ಹೋಗಿ ಹಣ ವಸೂಲು ಮಾಡಿ ಕೊಡುವುದಿಲ್ಲ. ಡಿಕ್ರಿದಾರರು ಮತ್ತೆ ಒಂದು ಅರ್ಜಿ ಹಾಕಬೇಕು. ಅದಕ್ಕೆ ಅಮಲ್ಜಾರಿ ಅರ್ಜಿ ಎಂದು ಹೆಸರು. ಈ ಅರ್ಜಿ ಹಾಕಲು 12 ವರ್ಷ ಸಮಯ ಇದೆ. ಆದರೆ ಕಾದಷ್ಟೂ ಕಷ್ಟ. ಅಷ್ಟರಲ್ಲಿ ಋಣಿಯ ಜಾಗ ಬೇರೆಯವರ ಕೈಗೆ ಹೋಗಬಹುದು.

ಋಣಿಯ ಹತ್ತಿರ ಏನೇನು ಇದೆ ಎಂದು ಡಿಕ್ರಿದಾರರು ಹೇಳಬೇಕಾಗುತ್ತದೆ. ಗೊತ್ತಿಲ್ಲದಿದ್ದರೆ, "ನಿಮ್ಮ ಆಸ್ತಿಯ ಪಟ್ಟಿ ಕೊಡಿ" ಎಂದು ಋಣಿಗೇ ಆಜ್ಞೆ ಮಾಡಲು ಕೋರ್ಟನ್ನು ಕೇಳಬಹುದು. ಋಣಿ ಪ್ರಮಾಣ ಮಾಡಿ ಪಟ್ಟಿ ಕೊಡಬೇಕು.

ಮೀನಿನ ಅಕ್ಕ ಅಮಲ್ಜಾರಿ ಅರ್ಜಿ ಹಾಕಿದರು. ತೀರ್ಪಾಗಿ ಎರಡು ವರ್ಷ ದಾಟಿತ್ತು. ಹಾಗಾಗಿ ಕೋರ್ಟು ಮೊದಲು ಗದ್ದೆಮನೆಗೆ ನೋಟೀಸು ಕಳಿಸಿತು.

"ಪಾತ್ರೆ ಎಲ್ಲ ಹೊತ್ತುಕೊಂಡು ಹೋಗ್ತಾರಾ?"

ಈ ಸಲ ನೋಟೀಸು ಬಂದಾಗ ಗಂಡ ಮನೆಯಲ್ಲಿರಲಿಲ್ಲ. ಗದ್ದೆಮನೆ ಅಕ್ಕ ತಾವೇ ಬಿಡಿಸಿ ಓದಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. 'ಜಪ್ತಿ' ಎಂಬ ಮಾತು ಬಂದಾಗ ಅವರ ಕೈ ನಡುಗಿತು.

ಅಂದು ಸಂಜೆ ಕೇಂದ್ರಕ್ಕೆ ಬಂದು ಮೂಲೆಯಲ್ಲಿ ಕೂತರು. ಮೀನಿನ ಅಕ್ಕ ಇನ್ನೊಂದು ಮೂಲೆಯಲ್ಲಿ ಕೂತರು. ಇಬ್ಬರೂ ಮುಖ ನೋಡಲಿಲ್ಲ. ಮೊದಲು ಒಂದೇ ಸ್ಲೇಟು ಹಂಚಿಕೊಂಡು ಬರೆದವರು ಅವರು.

ಅದೇ ವಾರ ಕಾನೂನು ತಿಳಿಸಲು ಒಬ್ಬ ವಕೀಲರು ಕೇಂದ್ರಕ್ಕೆ ಬಂದರು. ಅವರೂ ಹೆಂಗಸೇ. ಗದ್ದೆಮನೆ ಅಕ್ಕ ಕೇಳಿದರು:

"ಮೇಡಂ, ಅಮೀನ ಬಂದರೆ ಅನ್ನ ಬೇಯಿಸುವ ಪಾತ್ರೆಯನ್ನೂ ಹೊತ್ತುಕೊಂಡು ಹೋಗ್ತಾರಂತೆ. ಹೌದಾ?"

"ಇಲ್ಲ ಅಕ್ಕ. ಅದಕ್ಕೆ ಕಾನೂನು ಬಿಡುವುದಿಲ್ಲ," ಎಂದರು ವಕೀಲರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಎಂಬ ಕಾನೂನು ಇದೆ. ಯಾವುದನ್ನು ಜಪ್ತಿ ಮಾಡಬಾರದು ಎಂದು ಅದರ 60ನೇ ಕಲಮಿನಲ್ಲಿ ಬರೆದಿದೆ. ಮುಖ್ಯವಾದವು ಇವು:

1. ಮನೆಯವರಿಗೆ ಬೇಕಾದ ಉಡುಗೆ ತೊಡುಗೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ.
2. ಧರ್ಮದ ಪದ್ಧತಿಯಂತೆ ಹೆಂಗಸರು ಮೈಯಿಂದ ತೆಗೆಯಬಾರದ ಆಭರಣ. ತಾಳಿ ಇದಕ್ಕೆ ಉದಾಹರಣೆ.
3. ಕೈಕೆಲಸದವರ ಉಪಕರಣ. ಬಡಗಿಯ ಉಳಿ, ದರ್ಜಿಯ ಹೊಲಿಗೆ ಯಂತ್ರ ಇಂಥವು.
4. ಬೇಸಾಯಗಾರರ ನೇಗಿಲು ಮುಂತಾದ ಸಲಕರಣೆ. ಬದುಕಿಗೆ ಬೇಕೇ ಬೇಕು ಎಂದು ಕೋರ್ಟಿಗೆ ಕಂಡಷ್ಟು ದನ, ಎತ್ತು, ಬಿತ್ತನೆ ಬೀಜ.
5. ಬೇಸಾಯಗಾರರು, ಕೂಲಿಯವರು, ಮನೆಗೆಲಸದವರು ತಾವು ವಾಸ ಇರುವ ಸ್ವಂತ ಮನೆ.
6. ಕೂಲಿಯವರ ಕೂಲಿ, ಮನೆಗೆಲಸದವರ ಸಂಬಳ.
7. ಸರಕಾರಿ ಪಿಂಚಣಿ ಮತ್ತು ಭವಿಷ್ಯನಿಧಿಯ ಹಣ.

ಸಂಬಳದ ನೌಕರಿ ಇದ್ದರೆ? ಮೊದಲ 1,000 ರೂಪಾಯಿ ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. ಒಂದು ಪಾಲು ಮಾತ್ರ ಹಿಡಿಯಬಹುದು. ಸಂಬಳ 16,000 ರೂಪಾಯಿ ಎಂದುಕೊಳ್ಳೋಣ. 1,000 ತೆಗೆದರೆ ಉಳಿದದ್ದು 15,000. ಅದರಲ್ಲಿ 5,000 ಹಿಡಿಯಬಹುದು. 11,000 ಮನೆಗೆ ಬರುತ್ತದೆ. ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಹೆಚ್ಚು ಹಿಡಿಯಬಹುದು.

"ಹಾಗಾದರೆ ನನಗೆ ಬರುವ ಹಣ ಎಲ್ಲಿಂದ ಬರುವುದು ಮೇಡಂ?" ಎಂದು ಆ ಮೂಲೆಯಿಂದ ಮೀನಿನ ಅಕ್ಕ ಕೇಳಿದರು. ಅವರ ದನಿ ಗಟ್ಟಿಯಾಗಿತ್ತು. "ನಾನೂ ಬೆವರು ಸುರಿಸಿ ಕೂಡಿಸಿದ್ದಲ್ಲವಾ?"

ಅವರು ಕೇಳಿದ್ದೂ ಸರಿ. ವಕೀಲರು ಅದಕ್ಕೂ ಉತ್ತರ ಹೇಳಿದರು. ಬೈಕು, ಟೀವಿ, ಬ್ಯಾಂಕಿನಲ್ಲಿರುವ ಹಣ, ಬೇರೆಯವರಿಂದ ಋಣಿಗೆ ಬರಬೇಕಾದ ಹಣ, ಜಾಗ, ತೋಟ ಇವನ್ನು ಜಪ್ತಿ ಮಾಡಬಹುದು. ಮನೆ ಉಳಿಯಿತು ಎಂದರೆ ಸಾಲ ಹೋಯಿತು ಎಂದು ಅರ್ಥ ಅಲ್ಲ.

ಇನ್ನೊಂದು ಮಾತು. ಮನೆಯನ್ನೇ ಅಡವು ಇಟ್ಟು ಸಾಲ ತಂದಿದ್ದರೆ, ಮನೆ ಉಳಿಯುತ್ತದೆ ಎಂದು ನಂಬಿ ಕೂರಬಾರದು. ಕೂಡಲೇ ವಕೀಲರನ್ನು ಕೇಳಬೇಕು. ಚಿನ್ನ ಅಡವು ಇಟ್ಟಿದ್ದರೆ ನೋಟೀಸು ಕೊಟ್ಟು ಏಲಂ ಮಾಡಲು ಬ್ಯಾಂಕಿಗೆ ಕೋರ್ಟೇ ಬೇಡ. ಸಹಕಾರಿ ಸಂಘದ ಸಾಲದ ದಾವೆ ಸಹಕಾರ ಇಲಾಖೆಯ ಅಧಿಕಾರಿಯ ಮುಂದೆ ನಡೆಯುತ್ತದೆ. ಹಾಗಾಗಿ ಬಂದ ಕಾಗದ ಯಾರಿಂದ ಬಂದದ್ದು ಎಂದು ಮೊದಲು ಓದಬೇಕು.

ಅಮೀನರು ಬಂದರೆ

ಜಪ್ತಿ ಮಾಡಲು ಬರುವವರು ಕೋರ್ಟಿನ ಅಮೀನರು. ಅವರ ಹತ್ತಿರ ಕೋರ್ಟಿನ ವಾರಂಟು ಇರಬೇಕು. "ಕಾಗದ ತೋರಿಸಿ" ಎಂದು ಕೇಳುವುದು ತಪ್ಪಲ್ಲ. ಹೊತ್ತು ಮುಳುಗಿದ ಮೇಲೆ, ಹೊತ್ತು ಮೂಡುವ ಮೊದಲು ಅವರು ವಾಸದ ಮನೆಯೊಳಗೆ ಬರುವ ಹಾಗಿಲ್ಲ.

ಅಮೀನರ ಜೊತೆ ಜಗಳ ಮಾಡಬಾರದು. ಅವರನ್ನು ತಡೆದರೆ ಬೇರೆ ಕೇಸು ಆಗುತ್ತದೆ. ಅವರು ಹಿಡಿದ ವಸ್ತುಗಳ ಪಟ್ಟಿ ಓದಿ ನೋಡಬೇಕು. ಓದದೆ ಸಹಿ ಹಾಕಬಾರದು.

ಸಾಲ ಗಂಡನದು. ಅಕ್ಕನ ತವರುಮನೆಯ ಚಿನ್ನ, ಅವರ ಹೆಸರಿನ ಸಂಘದ ಉಳಿತಾಯ ಗಂಡನ ಸಾಲಕ್ಕೆ ಹೋಗುತ್ತದಾ? ಇಲ್ಲ. ಅಕ್ಕ ಆ ಸಾಲಕ್ಕೆ ಸಹಿಯನ್ನೂ ಹಾಕಿಲ್ಲ, ಜಾಮೀನೂ ನಿಂತಿಲ್ಲ. ಅವರ ಸ್ವತ್ತು ಅವರದ್ದೇ. ತಪ್ಪಿ ಜಪ್ತಿ ಆದರೆ, "ಇದು ನನ್ನದು" ಎಂದು ಏಲಂ ಆಗುವ ಮೊದಲೇ ಕೋರ್ಟಿಗೆ ಅರ್ಜಿ ಕೊಡಬೇಕು. ಅಂಗಡಿಯ ರಶೀದಿ, ಪಾಸ್‌ಪುಸ್ತಕ ಆಗ ಉಪಯೋಗಕ್ಕೆ ಬರುತ್ತವೆ.

ಜಾಗ ಏಲಂ ಆಗುವುದು ಹೇಗೆ?

ಜಾಗ ಒಂದೇ ದಿನದಲ್ಲಿ ಕೈಬಿಟ್ಟು ಹೋಗುವುದಿಲ್ಲ. ಮೊದಲು ಜಪ್ತಿ ಆಜ್ಞೆ. ಆಗ ಆ ಜಾಗ ಮಾರುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ. ಆಮೇಲೆ ಏಲಂ ಪ್ರಕಟಣೆ. ಪ್ರಕಟಣೆ ಆಗಿ ಕಡಿಮೆ ಎಂದರೆ 15 ದಿನ ಕಳೆಯಬೇಕು. ಆಮೇಲೆ ಏಲಂ. ಕೂಗಿದವರು ನಾಲ್ಕರಲ್ಲಿ ಒಂದು ಪಾಲು ಹಣ ಅಲ್ಲೇ ಕಟ್ಟಬೇಕು. ಉಳಿದದ್ದನ್ನು 15 ದಿನದಲ್ಲಿ ಕಟ್ಟಬೇಕು.

ಏಲಂ ಆದ ಮೇಲೂ ಒಂದು ಬಾಗಿಲು ತೆರೆದಿದೆ. 60 ದಿನದ ಒಳಗೆ ಸಾಲದ ಹಣ ಪೂರ್ತಿ ಕೋರ್ಟಿನಲ್ಲಿ ಕಟ್ಟಬೇಕು. ಜೊತೆಗೆ ಏಲಂ ಬೆಲೆಯ ನೂರಕ್ಕೆ 5ರಷ್ಟು ಹಣ ಕೊಂಡವರಿಗಾಗಿ ಕಟ್ಟಬೇಕು. ಹಾಗೆ ಕಟ್ಟಿ ಅರ್ಜಿ ಕೊಟ್ಟರೆ ಏಲಂ ರದ್ದಾಗುತ್ತದೆ.

ಜೈಲಿಗೆ ಹಾಕುತ್ತಾರಾ?

ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವ ಹಾಗಿಲ್ಲ. ಇದು ಅದೇ ಸಂಹಿತೆಯ 56ನೇ ಕಲಮು. "ದುಡ್ಡು ಕೊಡದಿದ್ದರೆ ನಿನ್ನನ್ನು ಜೈಲಿಗೆ ಹಾಕಿಸುತ್ತೇನೆ" ಎಂದು ಯಾರಾದರೂ ಹೆದರಿಸಿದರೆ ಈ ಅಂಕೆ ನೆನಪಿಡಿ: 56.

ಗಂಡಸರನ್ನು ಹಾಕಬಹುದು. ಆದರೆ ಸುಮ್ಮನೆ ಹಾಕುವ ಹಾಗಿಲ್ಲ. ಸಾಮಾನ್ಯವಾಗಿ ಮೊದಲು ನೋಟೀಸು ಕೊಟ್ಟು ಕೇಳಬೇಕು. ಕೈಯಲ್ಲಿ ಹಣ ಇದ್ದೂ ಕೊಡುತ್ತಿಲ್ಲ, ಅಥವಾ ಆಸ್ತಿ ಮುಚ್ಚಿಟ್ಟಿದ್ದಾರೆ ಎಂದು ಕಾಣಬೇಕು. ಬಡತನ ಒಂದೇ ಕಾರಣಕ್ಕೆ ಜೈಲಿಗೆ ಹಾಕಬಾರದು ಎಂದು 1980ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್.

ಡಿಕ್ರಿ 2,000 ರೂಪಾಯಿ ದಾಟದಿದ್ದರೆ ಜೈಲು ಇಲ್ಲ. 5,000 ದಾಟಿದರೆ ಹೆಚ್ಚೆಂದರೆ ಮೂರು ತಿಂಗಳು. ಒಳಗೆ ಇದ್ದಷ್ಟು ದಿನ ಊಟದ ಖರ್ಚನ್ನು ಡಿಕ್ರಿದಾರರೇ ಕಟ್ಟಬೇಕು. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ.

ಚೆಕ್ ಬೌನ್ಸ್ ಕೇಸು ಇದಲ್ಲ. ಅದು ಕ್ರಿಮಿನಲ್ ಕೇಸು. ಅದರಲ್ಲಿ ಹೆಂಗಸರಿಗೂ ಶಿಕ್ಷೆ ಆಗಬಹುದು. ಆದ್ದರಿಂದ ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ.

ರಶೀದಿ ಇಲ್ಲದ ಹತ್ತು ಸಾವಿರ

ಈಗ ಕತೆಯ ಕಷ್ಟದ ಜಾಗಕ್ಕೆ ಬಂದೆವು.

ತೀರ್ಪಾದ ವರ್ಷ ತೆಂಗಿನಕಾಯಿ ಮಾರಿ ಗದ್ದೆಮನೆಯವರು 10,000 ರೂಪಾಯಿ ಕೊಟ್ಟಿದ್ದರು. ಕೈಯಿಂದ ಕೈಗೆ ಕೊಟ್ಟದ್ದು. ರಶೀದಿ ಇಲ್ಲ. ಕೋರ್ಟಿಗೂ ತಿಳಿಸಿಲ್ಲ. ಅಮಲ್ಜಾರಿ ಅರ್ಜಿಯಲ್ಲಿ ಆ ಹಣದ ಮಾತೇ ಇರಲಿಲ್ಲ. ಅಲ್ಲಿ ಬರೆದದ್ದು ಹೀಗೆ: ಡಿಕ್ರಿ 60,000, ಎರಡು ವರ್ಷದ ಬಡ್ಡಿ 6,000, ಒಟ್ಟು 66,000.

ಕಾನೂನು ಹೀಗಿದೆ. ತೀರ್ಪಿನ ಮೇಲೆ ಕೋರ್ಟಿನ ಹೊರಗೆ ಹಣ ಕೊಟ್ಟರೆ ಅದು ಕೋರ್ಟಿನ ದಾಖಲೆಗೆ ಬರಬೇಕು. ಪಡೆದವರು ತಿಳಿಸಬೇಕು. ಅವರು ತಿಳಿಸದಿದ್ದರೆ ಕೊಟ್ಟವರು 30 ದಿನದ ಒಳಗೆ ಅರ್ಜಿ ಕೊಡಬೇಕು. ದಾಖಲೆಗೆ ಬಾರದ ಹಣವನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಟ್ಟ ಹಣವನ್ನೇ ಮತ್ತೆ ಕೊಡಬೇಕಾಗಬಹುದು!

ಹಾಗಾದರೆ ಕೊಡುವುದು ಹೇಗೆ? ಕೋರ್ಟಿನಲ್ಲೇ ಕಟ್ಟಬಹುದು. ಮನಿಯಾರ್ಡರು ಮಾಡಬಹುದು. ಬ್ಯಾಂಕಿನ ಮೂಲಕ ಕಳಿಸಬಹುದು. ಕೈಯಲ್ಲೇ ಕೊಟ್ಟರೆ ಬರಹದಲ್ಲಿ ರಶೀದಿ ಬೇಕು. ಯಾವ ದಾರಿಯಲ್ಲಿ ಕೊಟ್ಟರೂ ಕೋರ್ಟಿಗೆ ತಿಳಿಸಬೇಕು.

ವಕೀಲರು ಇದನ್ನು ಹೇಳಿ ಮುಗಿಸಿದರು. ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ. ಗದ್ದೆಮನೆ ಅಕ್ಕ ತಲೆ ತಗ್ಗಿಸಿದರು. ಆಗ ಮೀನಿನ ಅಕ್ಕನೇ ಎದ್ದು ನಿಂತರು.

"ಹತ್ತು ಸಾವಿರ ನನಗೆ ಮುಟ್ಟಿದೆ. ಅರ್ಜಿ ಬರೆಸುವಾಗ ನೆನಪಾಗಲಿಲ್ಲ. ಮುಟ್ಟಿದ್ದನ್ನು ಮುಟ್ಟಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಮಾಡು ಸೋರುತ್ತಿದೆ ಮಾರಾಯ್ತಿ. ಉಳಿದದ್ದು ನನಗೆ ಬೇಕೇ ಬೇಕು."

ಗದ್ದೆಮನೆ ಅಕ್ಕ ಹೇಳಿದರು: "ಕೊಡುವುದಿಲ್ಲ ಎಂದು ನಾವು ಯಾವತ್ತೂ ಹೇಳಲಿಲ್ಲ ಅಕ್ಕ. ಒಟ್ಟಿಗೆ ಕೊಡಲು ಆಗುವುದಿಲ್ಲ, ಅಷ್ಟೆ."

"ಕೊಡುವುದಿಲ್ಲ ಎನ್ನಲಿಲ್ಲ, ಸರಿ. ಆದರೆ ಯಾವಾಗ ಕೊಡುತ್ತೀರಿ ಎಂದೂ ಹೇಳಲಿಲ್ಲವಲ್ಲ!" ಎಂದರು ಮೀನಿನ ಅಕ್ಕ.

ಲೋಕ ಅದಾಲತ್ತಿನಲ್ಲಿ

ಹೆಂಗಸರಿಗೆ ಕೋರ್ಟಿನಲ್ಲಿ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ, ಹೆಂಗಸು ಎಂದರೆ ಸಾಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಹಾಗೆ ಇದೆ. ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಬಹುದು. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು.

ಅದೇ ಕಾಯಿದೆಯಂತೆ ಲೋಕ ಅದಾಲತ್ತು ನಡೆಯುತ್ತದೆ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅಲ್ಲಿ ರಾಜಿ. ಬಲವಂತ ಇಲ್ಲ, ಕೋರ್ಟು ಫೀಸು ಇಲ್ಲ. ರಾಜಿಯ ಕಾಗದಕ್ಕೆ ಡಿಕ್ರಿಯಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಒಪ್ಪುವ ಮೊದಲು ಚೆನ್ನಾಗಿ ಓದಬೇಕು.

ಇಬ್ಬರು ಅಕ್ಕಂದಿರೂ ಒಂದೇ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋದರು. ಗದ್ದೆಮನೆ ಅಕ್ಕನ ಗಂಡನೂ ಬಂದರು. 66,000ದಲ್ಲಿ ಮುಟ್ಟಿದ 10,000 ಕಳೆದರು. 56,000 ಉಳಿಯಿತು. ಎರಡು ವರ್ಷದ ಬಡ್ಡಿ 6,000ವನ್ನು ಮೀನಿನ ಅಕ್ಕ ಬಿಟ್ಟರು. 50,000 ಉಳಿಯಿತು. ಬೈಕು ಮಾರಿ ಮೊದಲೇ 20,000 ಕೊಡುತ್ತೇವೆ ಎಂದು ಗದ್ದೆಮನೆಯವರು ಒಪ್ಪಿದರು. ಉಳಿದ 30,000ಕ್ಕೆ ತಿಂಗಳಿಗೆ 3,000ದಂತೆ ಹತ್ತು ಕಂತು. ಒಂದು ಕಂತು ತಪ್ಪಿದರೂ ಮತ್ತೆ ಅಮಲ್ಜಾರಿ ಎಂದು ಬರೆದರು.

ಸಹಿ ಹಾಕುವ ಮೊದಲು ಗದ್ದೆಮನೆ ಅಕ್ಕ ಕಾಗದವನ್ನು ಗಂಡನಿಗೆ ಓದಿ ಹೇಳಿದರು. ಮೀನಿನ ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ತಮ್ಮ ಹೆಸರು ಬರೆದರು.

ಆ ಮಳೆಗಾಲಕ್ಕೆ ಮೊದಲು ಮಾಡಿಗೆ ಹಂಚು ಬಂತು. ಈಗ ಪ್ರತಿ ತಿಂಗಳು ಕಂತು ಬಂದಾಗ ರಶೀದಿ ಬರೆಯುವವರು ಮೀನಿನ ಅಕ್ಕ. ಓದಿ ನೋಡಿ ಡಬ್ಬಿಯಲ್ಲಿ ಇಡುವವರು ಗದ್ದೆಮನೆ ಅಕ್ಕ.

ಕೋರ್ಟಿಲ್ಲದೆ ಬರುವವರು

ಕೆಲವರು ಡಿಕ್ರಿ ಇಲ್ಲದೆ, ವಾರಂಟು ಇಲ್ಲದೆ ಬಾಗಿಲಿಗೆ ಬರುತ್ತಾರೆ. ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಸಾಮಾನು ಎಳೆಯುತ್ತಾರೆ. ಅವರಿಗೆ ಆ ಅಧಿಕಾರ ಇಲ್ಲ. ಕಿರುಸಾಲದ ಕಂಪನಿಗಳ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತಂದಿತು. ಆಮೇಲೆ ಅದು ಕಾಯಿದೆಯಾಯಿತು. ಸಾಲ ವಸೂಲಿಗೆ ಹಿಂಸೆ ಕೊಟ್ಟರೆ ಪೊಲೀಸರಿಗೆ ದೂರು ಕೊಡಬಹುದು. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದ ನಾಲ್ಕು ಜನ ಜೊತೆಗೆ ಹೋಗೋಣ.

ನೆನಪಿಡೋಣ

• ಕೋರ್ಟಿನ ಕಾಗದ ಬಂದರೆ ಮುಚ್ಚಿಡಬಾರದು. ಓದಬೇಕು. ಹೇಳಿದ ದಿನ ಹೋಗಬೇಕು.
• ಡಿಕ್ರಿ ಸಿಕ್ಕಿದರೆ ಸಾಲದು. ಅಮಲ್ಜಾರಿ ಅರ್ಜಿ ಹಾಕಬೇಕು.
• ಅಡುಗೆ ಪಾತ್ರೆ, ತಾಳಿ, ಕೂಲಿ ಹಣ ಜಪ್ತಿ ಮಾಡುವ ಹಾಗಿಲ್ಲ.
• ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ.
• ರಶೀದಿ ಇಲ್ಲದೆ ಹಣ ಕೊಡಬಾರದು. ಹಣ ಪಡೆದರೆ ರಶೀದಿ ಕೊಡಬೇಕು.

ಮಾತಾಡೋಣ

1. ಗದ್ದೆಮನೆಯವರು ಮೊದಲ ಸಮನ್ಸು ಬಂದಾಗಲೇ ಕೋರ್ಟಿಗೆ ಹೋಗಿದ್ದರೆ ಏನಾಗುತ್ತಿತ್ತು?
2. ಮೀನಿನ ಅಕ್ಕ ಹತ್ತು ಸಾವಿರ ಮುಟ್ಟಿಲ್ಲ ಎಂದಿದ್ದರೆ ಏನಾಗುತ್ತಿತ್ತು?
3. ನಿಮ್ಮ ಮನೆಯಲ್ಲಿ ರಶೀದಿಗಳನ್ನು ಎಲ್ಲಿ ಇಡುತ್ತೀರಿ?

ಲೆಕ್ಕ ಮಾಡೋಣ

1. ಅಸಲು 50,000 ರೂಪಾಯಿ. ಬಡ್ಡಿ ವರ್ಷಕ್ಕೆ ನೂರಕ್ಕೆ 6. ಒಂದು ವರ್ಷದ ಬಡ್ಡಿ ಎಷ್ಟು? ಒಂದು ತಿಂಗಳ ಬಡ್ಡಿ ಎಷ್ಟು?
2. ಸಂಬಳ 10,000 ರೂಪಾಯಿ. ಇದರಲ್ಲಿ ಎಷ್ಟು ಹಿಡಿಯಬಹುದು? ಮನೆಗೆ ಎಷ್ಟು ಬರುತ್ತದೆ?

ಬರೆಯೋಣ

3,000 ರೂಪಾಯಿ ಕಂತು ಬಂದಿದೆ ಎಂದು ಒಂದು ರಶೀದಿ ಬರೆಯಿರಿ. ತಾರೀಕು, ಕೊಟ್ಟವರ ಹೆಸರು, ಪಡೆದವರ ಹೆಸರು, ಹಣ ಅಂಕೆಯಲ್ಲಿ ಮತ್ತು ಅಕ್ಷರದಲ್ಲಿ, ಯಾವ ಸಾಲಕ್ಕೆ, ಸಹಿ. ಇಷ್ಟೂ ಇರಲಿ.

ಪದಗಳ ಅರ್ಥ

ದಾವೆ – ಕೋರ್ಟಿನಲ್ಲಿ ಹಾಕುವ ವ್ಯಾಜ್ಯ
ಡಿಕ್ರಿ – ತೀರ್ಪಿನ ಆಜ್ಞೆ ಇರುವ ಕಾಗದ
ಅಮಲ್ಜಾರಿ – ತೀರ್ಪನ್ನು ಜಾರಿಗೆ ತರುವುದು
ಜಪ್ತಿ – ಕೋರ್ಟಿನ ಆಜ್ಞೆಯಂತೆ ಸ್ವತ್ತನ್ನು ಹಿಡಿಯುವುದು
ಏಲಂ – ಹರಾಜು
ಅಮೀನ – ಕೋರ್ಟಿನ ಆಜ್ಞೆ ಜಾರಿ ಮಾಡುವ ನೌಕರ